ಪಿ.ಟಿ. ಮೇಷ್ಟ್ರ ‘ಹಾಕೋ’

ಸಾಗರದ ನಮ್ಮ ಪಿ.ಟಿ. ಮೇಷ್ಟ್ರು ಬಾಯಿಂದ ವಿಸಲ್ ತೆಗೆಯುತ್ತಿದ್ದುದು ಊಟಕ್ಕೆ ಮಾತ್ರ, ಅದೂ ಅನುಮಾನವೇ. ಆಟದ ಹೊತ್ತಿನಲ್ಲಿ ಅವರ ಹಲ್ಲಿನ ಸಂದಿಯಿಂದ ಹೊರಡುತ್ತಿದ್ದ ಮಾತು ಒಂದೇ: "ಹಾಕೋ ಮಾರಾಯ!" ಬ್ಯಾಸ್ಕೆಟ್‌ಬಾಲಿನಲ್ಲಿ ಅದಕ್ಕೆ ಎರಡು ಅರ್ಥ. ಬುಟ್ಟಿಗೆ ಹಾಕು, ಇಲ್ಲವೇ ಪಕ್ಕದವನಿಗೆ ಹಾಕು.

ನಮ್ಮ ಕ್ಯಾಪ್ಟನ್ ಕಣ್ಣು ಮುಚ್ಚಿ ಎಸೆದರೂ ಚೆಂಡು ಬುಟ್ಟಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಆದರೆ ಮೇಷ್ಟ್ರು, "ನೀನೊಬ್ನೇ ಹೊಡೆದ್ರೆ ಉಳಿದ ನಾಲ್ಕು ಜನ ಎಂತಕ್ಕೆ, ಫೋಟೋಕ್ಕಾ?" ಎಂದು ಬೈದು ಬೈದು ಅವನಿಗೆ ಪಾಸ್ ಕೊಡುವುದನ್ನು ಕಲಿಸಿದ್ದರು.

ತೀರ್ಥಹಳ್ಳಿಯ ಫೈನಲ್‌ಗೆ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗಾರರು ಬಂದಿದ್ದರು. ಹಾಸ್ಟೆಲ್ ಸಿಗದಿದ್ದರೆ ಕ್ಯಾಪ್ಟನ್ ಓದು ಬಿಟ್ಟು ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗಬೇಕಿತ್ತು. ಕೊನೆಯ ಕ್ಷಣದಲ್ಲಿ ನಾವು ಒಂದು ಪಾಯಿಂಟ್ ಹಿಂದಿದ್ದೆವು, ಚೆಂಡು ಅವನ ಕೈಯಲ್ಲಿತ್ತು. "ಹಾಕೋ ಮಾರಾಯ!" ಎಂದು ಮೇಷ್ಟ್ರು ಕೂಗಿದರು. ಅವನು ನನಗೆ ಹಾಕಿದ. ನಾನು ಎಸೆದ ಚೆಂಡು ತುಂಗಾ ನದಿ ದಾಟಿತೆಂದು ಇಂದಿಗೂ ಹೇಳುತ್ತಾರೆ.

ಹಾಸ್ಟೆಲ್ಲಿಗೆ ಆಯ್ಕೆಯಾದವರ ಪಟ್ಟಿಯಲ್ಲಿ ಕ್ಯಾಪ್ಟನ್ ಹೆಸರಿರಲಿಲ್ಲ. ಕೊನೆಯಲ್ಲಿ ಹೆದರಿದ ಹುಡುಗ ಎಂದರಂತೆ ಆಯ್ಕೆಗಾರರು. ನಲ್ಲಿಯ ಹತ್ತಿರ ಮೇಷ್ಟ್ರು ನನ್ನೊಬ್ಬನಿಗೇ ಹೇಳಿದರು: "ಇವತ್ತೊಂದಿನ ಬುಟ್ಟಿಗೇ ಹಾಕು ಅಂತ ಕೂಗಿದ್ದು ಕಣೋ ನಾನು."

ವಾಪಸ್ ಬಸ್ಸಿನಲ್ಲಿ ಕ್ಯಾಪ್ಟನ್ ಕೇಳಿದ: "ಸಾರ್, ನೀವು ಹೇಳಿದ್ ಹಂಗೇ ಮಾಡಿದ್ನಲ್ಲ?"

"ಹೌದೋ. ನೀ ಮಾಡಿದ್ದೇ ಸರಿ," ಎಂದರು ಮೇಷ್ಟ್ರು.

ಅವನ ಮುಖ ಸ್ವಲ್ಪ ಗೆಲುವಾಯಿತು. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಗೊತ್ತಿದ್ದ ಮೇಷ್ಟ್ರು ನನ್ನ ಕೈಯನ್ನು ಬಿಗಿಯಾಗಿ ಹಿಡಿದವರು, ಸಾಗರ ಬರುವವರೆಗೂ ಬಿಡಲಿಲ್ಲ.