ಯಾವ ಖಾಲಿ?

ನಾನು ಕನ್ನಡ ಬರೆಯುತ್ತೇನೆ, ಮಾತಾಡುವುದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರಿಸುತ್ತೇನೆ. ಕನ್ನಡವನ್ನೇ ಆಡುವ ಬೇಡಗ ಊರಿನ ನೆಂಟರು ಬಂದಾಗ ಮಾತ್ರ ಆಕೆಗೆ ಮಾತಿಗೆ ಮಾತು ಸಿಗುತ್ತದೆ. ನನ್ನೊಳಗಿನ ಕನ್ನಡ ಮುಗಿಯುತ್ತ ಬಂದಿದೆಯೆಂದೇ ನಾನು ತಿಳಿದಿದ್ದೆ.

ಮಿರಜ ಸ್ಟೇಷನ್ ಹತ್ತಿರ ನನ್ನ ಕಾಕಾ ಒಂದು ಕಾಲಕ್ಕೆ ವಿಡಿಯೊ ಗೇಮಿನ ಅಂಗಡಿ ನಡೆಸುತ್ತಿದ್ದರು. ಈಗ ಅಲ್ಲೇ ಮ್ಹೈಸಾಳದ ಹೊಲಗಳಿಂದ ಬಂದ ಸುಟ್ಟ ಪಂಪ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾರೆ. ಮೂಲೆಯಲ್ಲಿ ಕಪಾಟಿನಷ್ಟು ಎತ್ತರದ ಒಂದು ಯಂತ್ರ ಉಳಿದಿತ್ತು: ಸ್ಪೇಸ್ ಇನ್ವೇಡರ್ಸ್. ಐದು ಸಾಲು ವಿಚಿತ್ರ ಜೀವಿಗಳು ಅತ್ತಿತ್ತ ಸರಿಯುತ್ತ ಕೆಳಗಿಳಿಯುತ್ತವೆ. ನೆಲ ಮುಟ್ಟುವ ಮೊದಲು ಹೊಡೆದು ಉರುಳಿಸಬೇಕು. ಕಡಿಮೆಯಾದಷ್ಟೂ ಅವುಗಳ ಓಟ ಹೆಚ್ಚು. ಇದು ಯಾರೋ ಮೊದಲೇ ಹೂಡಿದ ಉಪಾಯವಲ್ಲವಂತೆ. ಎಪ್ಪತ್ತರ ದಶಕದ ಕೊನೆಗೆ ಜಪಾನಿನಲ್ಲಿ ಈ ಆಟ ಹುಟ್ಟಿದಾಗ, ಅಷ್ಟೂ ಜೀವಿಗಳನ್ನು ಪರದೆಯ ಮೇಲೆ ಒಟ್ಟಿಗೆ ಚಿತ್ರಿಸುವುದು ಆ ಬಡ ಪ್ರೊಸೆಸರಿಗೆ ಭಾರವಾಗುತ್ತಿತ್ತು. ಒಂದೊಂದು ಸತ್ತಂತೆ ಭಾರ ಇಳಿದು, ಉಳಿದವು ಚುರುಕಾದವು. ಮಾಡಿದಾತ ಅದನ್ನು ತಿದ್ದದೆ ಬಿಟ್ಟ. ಹಾಗೆ ಬಿಡುವುದೂ ಒಂದು ವಿದ್ಯೆ; ನನಗೆ ಬಂದಿಲ್ಲ. ಮನಸ್ಸಿನಲ್ಲಿ ವಾಕ್ಯ ಸರಿಯಾಗುವವರೆಗೆ ಬಾಯಿ ತೆರೆಯದವಳು ನಾನು.

ಯಂತ್ರ ಗುಜರಿಗೆ ಹೋಗುವ ಹಿಂದಿನ ದಿನ, ಕನ್ನಡ ಮರಾಠಿ ಎರಡನ್ನೂ ಬೆರೆಸಿ ಮಾತಾಡುವ ಕಾಕಾ ಹೇಳಿದರು: "ನನ್ನ ಸ್ಕೋರ್ ದಾಟಿದ್ರ ಮಷೀನ್ ನಿಂದು. ಇಲ್ಲಂದ್ರ ನಾಳಿ ಸಾಂಗ್ಲಿಯಿಂದ ಗಾಡಿ ಬರ್ತೈತಿ."

ನನಗೆ ಅದು ಬೇಕಿತ್ತು. ಆಡುತ್ತ ಆಡುತ್ತ ಒಂದೇ ಜೀವಿ ಉಳಿಯಿತು. ಅದೊಂದು ಬಿದ್ದರೆ ನಾನೇ ಮೇಲೆ. ಕಣ್ಣಿಗೆ ಸಿಗದಷ್ಟು ವೇಗ ಅದಕ್ಕೆ. ಗುಂಡು ಹಾರಿಸಿ, ಹೆದರಿ ಕಣ್ಣು ಮುಚ್ಚಿದೆ. ಹಿಂದಿನಿಂದ ಕಾಕಾ, "ಖಾಲಿ, ಖಾಲಿ" ಎಂದರು. ನಿರಾಳವಾಗಿ ಕೈ ಬಿಟ್ಟೆ. ಕಣ್ಣು ತೆರೆದರೆ ಆ ಜೀವಿ ನೆಲ ಮುಟ್ಟಿ, ಆಟ ಮುಗಿದಿತ್ತು.

"ಕೈ ಯಾಕ ಬಿಟ್ಟಿ?"

ಖಾಲಿ ಎಂದವರು ನೀವೇ ಅಲ್ಲವೇ ಎಂದು ಮರಾಠಿಯಲ್ಲೇ ಗೊಣಗಿದೆ. ಕಾಕಾ ಬಹಳ ಹೊತ್ತು ನಕ್ಕರು. "ಹುಚ್ಚಿ, ನಾ ಅಂದದ್ದು ಮರಾಠಿ ಖಾಲಿ. ಕೆಳಗ ಬಂತು ಅಂತ. ನೀ ಯಾವಾಗಿಂದ ಕನ್ನಡ ಖಾಲಿ ಕೇಳಾಕ ಹತ್ತಿದಿ?"

ಅದು ನನಗೂ ಗೊತ್ತಿರಲಿಲ್ಲ. ದಿನವಿಡೀ ಮರಾಠಿಯಾಡುವ ನನ್ನ ಕಿವಿಗೆ, ಜೀವ ಬಾಯಿಗೆ ಬಂದ ಹೊತ್ತಿನಲ್ಲಿ, ಮೊದಲು ಓಡಿಬಂದದ್ದು ಕನ್ನಡ. ಉಳಿದದ್ದು ಸ್ವಲ್ಪವೇ ಇರಬೇಕು. ಅದಕ್ಕೇ ಅಷ್ಟು ವೇಗ.

ಮರುದಿನ ಗಾಡಿ ಬಂತು, ಯಂತ್ರ ಹೋಯಿತು. ಸಂಜೆ ಮನೆಗೆ ಬಂದು ಹೊರಗಿನ ಕೋಣೆಯಲ್ಲಿ ಕೂತೆ. ಅಡುಗೆಮನೆಯಿಂದ ಅಜ್ಜಿ ಕೇಳಿದಳು: "ಹೋತೇನ ಆ ಡಬ್ಬಿ?"

ವಾಕ್ಯ ಸರಿಪಡಿಸಿಕೊಳ್ಳುವ ಮೊದಲೇ ಬಾಯಿಂದ ಬಂದುಬಿಟ್ಟಿತು: "ಹೋತ್ರಿ. ಮೂಲಿ ಖಾಲಿ ಆತು."

ಒಳಗೆ ಪಾತ್ರೆಗಳ ಸದ್ದು ನಿಂತಿತು.

"ಯಾರ ಬಂದಾರ ಹೊರಗ? ಬೇಡಗದಾವ್ರೇನ? ಕುಂದ್ರಿ, ಚಾ ಇಡತೇನಿ."

ಚಹಾ ಬರುವತನಕ ನಾನು ಬೇಡಗದವಳಾಗಿಯೇ ಕುಳಿತಿದ್ದೆ.