ಕಾಕು ಕೇಳಿದ ಹಕ್ಕಿಗಳು

ಮೊನ್ನೆ ಮಾರುಕಟ್ಟೆಯಿಂದ ತಂದ ಮಣ್ಣಿನ ಬೋಗುಣಿಗೆ ಮೊದಲ ನೀರು ಸುರಿದೆ. ಒಣಮಣ್ಣು ನೀರು ಹೀರುವಾಗ ಎದ್ದ ವಾಸನೆಗೆ ಕಣ್ಣು ತಾನಾಗಿ ಮುಚ್ಚಿತು... ಹಿಂದೆ ಪಕ್ಕದ ಮನೆಯಲ್ಲಿದ್ದ, ನಾನು ಕಾಕು (ಚಿಕ್ಕಮ್ಮ) ಎನ್ನುತ್ತಿದ್ದ ಹಿರಿಯ ಹೆಂಗಸು ನೆನಪಾದರು.

ಕಾಕು ಕಲಬುರಗಿಯವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದ ಮೇಲೆ ಮಗ ಅವರನ್ನು ನಾವಿದ್ದ ನಾಸಿಕ್‌ಗೆ ಕರೆತಂದಿದ್ದ. ನಾನಾಗ ಕಾಲೇಜಿನಲ್ಲಿದ್ದೆ. ಅಪ್ಪ ಅಮ್ಮ ಬೀದರಿನವರಾದರೂ ನನಗೆ ಕನ್ನಡ ತಿಳಿಯುತ್ತಿತ್ತೇ ಹೊರತು ಬಾಯಿಗೆ ಸಲೀಸಾಗಿ ಬರುತ್ತಿರಲಿಲ್ಲ. ಮನೆಯಲ್ಲಿ ಮರಾಠಿಯಲ್ಲೇ ಉತ್ತರಿಸುತ್ತಿದ್ದೆ. ಕಾಕುಗೆ ಮರಾಠಿ ಬಾರದು. ದಿನವಿಡೀ ಹಿತ್ತಲ ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದರು.

"ಈ ಊರಾಗ ಹಕ್ಕಿನೇ ಇಲ್ಲೇನ?" ಎಂದರು ಒಮ್ಮೆ. "ನಮ್ಮ ಕಡಿ ಬೇವಿನ ಗಿಡದ ತುಂಬ ಗದ್ದಲ ಇರ್ತಿತ್ತು. ಇಲ್ಲಿ ನನಗ ಬೆಳಗಾಗಿದ್ದೇ ತಿಳೀವಲ್ದು."

ಹಕ್ಕಿಗಳಿಗೆ ನೀರಿಡೋಣವೆಂದು ಮೊದಲು ಸ್ಟೀಲಿನ ಪರಾತ, ಅಂದರೆ ಹಿಟ್ಟು ನಾದುವ ತಟ್ಟೆ, ಇಟ್ಟೆವು. ಬಂದ ಗುಬ್ಬಿ ಅಂಚಿನಲ್ಲಿ ಜಾರಿ ಹಾರಿಹೋಯಿತು. ಆಮೇಲೆ ಅಗಲವಾದ ಮಣ್ಣಿನ ಬೋಗುಣಿ ತಂದೆ. ಕಾಕು ನೆಲದ ಮೇಲೆ ಕೂತು, ಕಲ್ಲುಗಳನ್ನು ತಡವಿ ತಡವಿ ಒರಟಾದವನ್ನೇ ಅದರೊಳಗೆ ಜೋಡಿಸಿದರು. ಬೆರಳಿಟ್ಟು ಆಳ ನೋಡಿ, "ಸಾಕು, ಕಾಲು ಮುಳುಗಿದ್ರ ಸಾಕು" ಎಂದರು. ಆದರೂ ಹಕ್ಕಿ ಬರಲಿಲ್ಲ. ಕೊನೆಗೆ, ಹನಿಯ ಸದ್ದು ಕೇಳಿಯಾದರೂ ಬರಲೆಂದು, ಪೇರಲ ಗಿಡದ ಕೊಂಬೆಗೆ ಮಡಕೆಯೊಂದನ್ನು ಕಟ್ಟಿ, ತಳದ ತೂತಿಗೆ ಬಟ್ಟೆಯ ಬತ್ತಿ ತುರುಕಿದೆವು. ಟಪ್... ಟಪ್... ಬೋಗುಣಿಗೆ ಹನಿ ಬೀಳತೊಡಗಿತು. ಆ ಸದ್ದು ಕೇಳುತ್ತ ಮಧ್ಯಾಹ್ನ ಇಬ್ಬರೂ ಅಲ್ಲೇ ತೂಕಡಿಸುತ್ತಿದ್ದೆವು.

ಹಾಗೆ ತೂಕಡಿಸುವಾಗಲೇ ನೀರಿನಲ್ಲಿ ರೆಕ್ಕೆ ಬಡಿದ ಸಪ್ಪಳವಾಯಿತು. ಕಾಕು ನನ್ನ ಮೊಣಕೈ ಹಿಡಿದುಕೊಂಡರು.

"ಬಂತಲ್ಲಾ? ಹ್ಯಾಂಗದ ಹೇಳು. ಕನ್ನಡದಾಗ ಹೇಳು, ನನಗ ಕಾಣಬೇಕಲ್ಲ."

"ಕರ್ರಗ ಅದ ಕಾಕು... ತಲಿ ಮ್ಯಾಲ ತುರಾ ಅದ."

"ಜುಟ್ಟು ಅನ್ನು."

"ಜುಟ್ಟು. ಬಾಲದ ಕೆಳಗ ಕೆಂಪ. ನೀರಾಗ ಕುಂತು ರೆಕ್ಕಿ ಝಾಡಸ್ಲಿಕತ್ತದ ನೋಡ್ರಿ."

'ನೋಡ್ರಿ' ಎಂದು ನಾಲಿಗೆ ಕಚ್ಚಿಕೊಂಡೆ. ಕಾಕು ಮಾತ್ರ ನಗುತ್ತಿದ್ದರು. ನಾಸಿಕ್‌ಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗಲೇ.

ಆ ಬೇಸಿಗೆಯಿಡೀ ನಾನು ನೋಡಿ ಹೇಳಿದೆ, ಅವರು ಕೇಳುತ್ತ ನನ್ನ ಮಾತು ತಿದ್ದಿದರು. ಈಗ ನಾನು ಬರೆಯುವ ಕನ್ನಡ ಶುರುವಾದದ್ದು ಆ ಹಿತ್ತಲಲ್ಲೇ...

ಮುಂದೆ ಮಗನಿಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಕಾಕು ಆಸ್ಪತ್ರೆ ಸೇರಿದ್ದಾರೆಂದು ತಿಳಿದು, ಯೇವಲಾ ಮಾರ್ಗವಾಗಿ ಅಲ್ಲಿಗೆ ಹೋಗುವ ಬಸ್ಸು ಹತ್ತಿದೆ. ದನಿಯಿಂದಲೇ ನನ್ನ ಗುರುತು ಹಿಡಿದರು.

"ಖಿಡಕಿ ಹೊರಗ ಏನದ ಹೇಳು, ಮಗಳ."

ಕಿಟಕಿಯ ಹೊರಗಿದ್ದದ್ದು ಬರೀ ಗೋಡೆ. ನಾನು ಒಂದು ಹಕ್ಕಿಯನ್ನು ಕಲ್ಪಿಸಿ ಹೇಳಿದೆ... ಹಳದಿ ಎದೆ, ಉದ್ದ ಬಾಲ, ಕೊಕ್ಕಿನಲ್ಲಿ ಹುಲ್ಲಿನ ಎಳೆ. ಅವರು ಪೂರ್ತಿ ಕೇಳಿಸಿಕೊಂಡರು.

"ದನಿನೇ ಇಲ್ಲದ ಹಕ್ಕಿ," ಎಂದು ನಸುನಕ್ಕರು. "ಇರ್ಲಿ. ನಿನ್ನ ಕನ್ನಡ ಭಾಳ ಛಂದ ಆಗ್ಯದ."

ಆ ವಾರವೇ ಹೋಗಿಬಿಟ್ಟರು.

ಈಗ ನನ್ನ ಮನೆಯ ಮಾತೆಲ್ಲ ಮರಾಠಿ. ಇಂದು ಬೆಳಿಗ್ಗೆ ಹೊಸ ಹಕ್ಕಿಯೊಂದು ಬಂದಿತ್ತು. ಬೀಸಣಿಗೆಯಂತೆ ಬಾಲ ಬಿಚ್ಚಿ, ಆಚೀಚೆ ಕುಣಿದು ಹೋಯಿತು. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ಕೇಳೋಣವೆಂದರೆ ಕಾಕು ಇಲ್ಲ.