ನಾನು ಬಿಟ್ಟು ಓದಿದ ವಚನ

ಹುಮನಾಬಾದ್ ಸುತ್ತಲಿನ ಹಳ್ಳಿಗಳಿಗೆ ಹೋಗಿ ಸತ್ಯವೇದ, ಅಂದರೆ ಬೈಬಲ್, ಓದಿ ಹೇಳುವುದು ನನ್ನ ಅಪ್ಪನ ಕೆಲಸವಾಗಿತ್ತು. ಅವನು ಪಾದ್ರಿಯಾಗಿರಲಿಲ್ಲ. ಊರಲ್ಲಿ ಸಭೆ ನಡೆಸುವ ಪಾದ್ರಿಗಳು ಬೇರೆ ಇದ್ದರು. ಹಳ್ಳಿಗಳಲ್ಲಿದ್ದ ನಾಲ್ಕಾರು ಕ್ರೈಸ್ತ ಮನೆಗಳಿಗೆ ವಾರಕ್ಕೊಮ್ಮೆ ಸೈಕಲ್ ಮೇಲೆ ಹೋಗುವುದು ಅಪ್ಪನ ಪಾಲಿಗೆ ಬಂದಿತ್ತು. ಹೊಲದ ಕೂಲಿ ಮುಗಿಸಿ ಬಂದವರು ಅಂಗಳದಲ್ಲಿ ಕೂತು ಕೇಳುತ್ತಿದ್ದರು.

ನಿಜಾಮರ ಕಾಲದ ಶಾಲೆಯಲ್ಲಿ ಅವನು ಕಲಿತದ್ದು ಉರ್ದು. ಕನ್ನಡ ಅಕ್ಷರ ಕಲಿತದ್ದು ಸತ್ಯವೇದದಿಂದಲೇ. ನನಗೂ ಅದರಿಂದಲೇ ಕಲಿಸಿದ. ಸಂಜೆ ಅವ್ವ ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಕೂತು ನಾನೊಂದು ಅಧ್ಯಾಯ ಗಟ್ಟಿಯಾಗಿ ಓದಬೇಕು. ಒಂದು ಒತ್ತಕ್ಷರ ತಪ್ಪಿದರೂ ಅಪ್ಪ ಮತ್ತೆ ಮೊದಲಿಂದ ಓದಿಸುತ್ತಿದ್ದ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಹನ್ನೆರಡರ ಹುಡುಗಿ. ಶಾಲೆಯಲ್ಲಿ ಕನ್ನಡಕ್ಕಾಗಿ ಬೇರೆಯವರು ಒದ್ದಾಡುತ್ತಿದ್ದರೆ ನನಗೆ ಅದೇನೂ ಕಷ್ಟವೆನಿಸಲಿಲ್ಲ.

ಮ್ಯಾಟ್ರಿಕ್ ಪಾಸಾದ ವರ್ಷ ಬೀದರದಲ್ಲಿ ನರ್ಸ್ ತರಬೇತಿಗೆ ನನಗೆ ಜಾಗ ಸಿಕ್ಕಿತು. ಚಿಕ್ಕಂದಿನಿಂದ ನನಗಿದ್ದದ್ದು ಅದೊಂದೇ ಆಸೆ. ಪತ್ರ ಬಂದು ಎಂಟು ದಿನವಾಗಿರಲಿಲ್ಲ, ಕೊಡಂಬಲದ ದಾರಿಯಲ್ಲಿ ಅಪ್ಪ ಸೈಕಲ್ ಸಮೇತ ಸೇತುವೆಯ ಕೆಳಗೆ ಬಿದ್ದ. ಕೈ ಮುರಿದಿತ್ತು. ಅದಕ್ಕಿಂತ ದೊಡ್ಡ ವಿಷಯ ಆಮೇಲೆ ಹೊರಬಿತ್ತು: ಅವನಿಗೆ ಎದುರಿನ ಸೇತುವೆಯೇ ಕಂಡಿರಲಿಲ್ಲ. ಎರಡು ವರ್ಷದಿಂದ ಕಣ್ಣು ಮಸುಕಾಗುತ್ತಿದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ಬಾಯಿಪಾಠವಿದ್ದದ್ದನ್ನು ಓದಿದಂತೆ ಹೇಳುತ್ತ ಬಂದಿದ್ದ.

ಪಾದ್ರಿಗಳು ಮನೆಗೆ ಬಂದು, "ಕೆಲಸ ಬಿಡಬ್ಯಾಡ್ರಿ. ಮಗಳು ಜತಿಗೆ ಬಂದು ಓದ್ಲಿ, ನೀವು ಅರ್ಥ ಹೇಳ್ರಿ" ಎಂದರು. ಅಪ್ಪ ನನ್ನತ್ತ ಮುಖ ತಿರುಗಿಸಿ, "ಆಕಿ ಬೀದರಕ್ಕ ಹೋಗಾಕಿ ಇದ್ದಾಳ್ರಿ" ಎಂದ. ನಾನೇ, "ಇಲ್ರಿ, ಹೋಗಂಗಿಲ್ಲ" ಎಂದೆ. ನನ್ನ ಬಾಯಿಂದಲೇ ಬಂದ ಮಾತಾದ್ದರಿಂದ ಯಾರ ಮೇಲೂ ಸಿಟ್ಟಾಗುವಂತಿರಲಿಲ್ಲ. ಆ ಸಿಟ್ಟೆಲ್ಲ ದೇವರ ಮೇಲೆ ಹೋಯಿತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಕೊಡಂಬಲದ ಅಂಗಳದಲ್ಲಿ ಓದುತ್ತಿದ್ದೆ. ಅಣ್ಣಂದಿರೇ ತಮ್ಮನನ್ನು ಪರದೇಶದವರಿಗೆ ಮಾರಿದ ಕಥೆ. ಎಷ್ಟೋ ವರ್ಷದ ಮೇಲೆ, ಬರಗಾಲದಲ್ಲಿ ಕಾಳು ಕೇಳಿಕೊಂಡು ಅವರು ಆ ದೇಶದ ಕಣಜದ ಅಧಿಕಾರಿಯಾಗಿದ್ದ ಅವನೆದುರಿಗೇ ಬಂದು ನಿಲ್ಲುತ್ತಾರೆ. ನೀವು ಕೇಡು ಬಗೆದಿರಿ, ದೇವರು ಅದರಿಂದಲೇ ಒಳ್ಳೆಯದನ್ನು ಮಾಡಿದ ಎಂದು ತಮ್ಮ ಹೇಳುವ ವಚನ ಬಂತು. ಆ ವಚನ ಬಿಟ್ಟು ಮುಂದಿನದಕ್ಕೆ ಹೋದೆ. ಕೇಳುತ್ತಿದ್ದವರಿಗೆ ಗೊತ್ತಾಗಲಿಲ್ಲ. ಅಪ್ಪ ಅರ್ಥ ಹೇಳುವಾಗ ಆ ಮಾತನ್ನು ಎತ್ತಲೇ ಇಲ್ಲ.

ವಾಪಸು ಬರುವಾಗ ಬಸ್ಸು ನಿಲ್ಲುವ ಕಡೆಗೆ ನಡೆಯುತ್ತಿದ್ದೆವು. ಅವನ ಕೈ ನನ್ನ ಹೆಗಲ ಮೇಲಿತ್ತು.

"ಒಂದು ವಚನ ಬಿಟ್ಟಿ," ಎಂದ.

"ಹೂಂ."

"ಬೇಕಂತಲೇ ಬಿಟ್ಟಿ?"

"ಹೌದು. ನಾ ನಂಬಲಾರದ್ದು ಮಂದಿಗಿ ಹ್ಯಾಂಗ ಓದಿ ಹೇಳ್ಲಿ?"

ಬೈಯುತ್ತಾನೆಂದು ಕಾದೆ. "ನಾನೂ ಅಲ್ಲೇ ಬಿಟ್ಟಿದ್ದೆ" ಎಂದ. "ನಿನ್ನ ತಮ್ಮ ತೀರಿಕೊಂಡ ವರ್ಷ."

ನನ್ನ ತಮ್ಮ ಎರಡು ವರ್ಷದವನಿದ್ದಾಗ ಜ್ವರದಿಂದ ತೀರಿಕೊಂಡಿದ್ದ. ಮನೆಯಲ್ಲಿ ಅವನ ಮಾತು ಯಾರೂ ಆಡುತ್ತಿರಲಿಲ್ಲ.

"ಯಾರಿಗೂ ಗೊತ್ತಾಗ್ಲಿಲ್ಲೇನು?"

"ಒಬ್ಬಾಕಿಗೆ ಆತು. ನಿಮ್ಮವ್ವಗ."

"ಅವ್ವಗ ಓದಾಕ ಬರಂಗಿಲ್ಲಲ್ಲ?"

"ಓದಾಕ ಬರಂಗಿಲ್ಲ, ಕೇಳಾಕ ಬರ್ತದ. ಆ ಮಾತು ಎಲ್ಲಿ ಹೋತು ಅಂತ ಕೇಳಿದಳು. ಈಗ ಓದಾಕ ಆಗವಲ್ದು ಅಂದೆ. ಆಗ್ಲಿ, ಆದಾಗ ಓದ್ರಿ ಅಂದಳು. ವರ್ಷದ ಮ್ಯಾಲಾತು ನಂಗ ಅದನ್ನ ಓದಾಕ."

"ಅಷ್ಟೊತ್ತಿಗಿ ದೇವರು ಯಾಕ ಹಂಗ ಮಾಡಿದ ಅಂತ ತಿಳೀತೇನಪ್ಪಾ?"

"ಇಲ್ಲ. ಇನ್ನೂ ತಿಳಿದಿಲ್ಲ. ತಿಳೀಲಾರದೇ ಓದಿದೆ. ಎಲ್ಲಾ ತಿಳಿದ ಮ್ಯಾಲ ನಂಬೋದು ಏನು ಉಳೀತದ?"

ಬಸ್ಸು ಬಂತು, ಅಪ್ಪನನ್ನು ಹತ್ತಿಸಿದೆ. ನನಗೆ ಸಮಾಧಾನವೇನೂ ಆಗಿರಲಿಲ್ಲ. ಆದರೆ ಇಷ್ಟು ದಿನ ನಾನೊಬ್ಬಳೇ ದೇವರ ಜೊತೆ ಜಗಳಕ್ಕೆ ನಿಂತಿದ್ದೇನೆ ಎಂದುಕೊಂಡಿದ್ದೆ. ಅದು ಸುಳ್ಳೆಂದು ಗೊತ್ತಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಮುಡಬಿಯ ಒಂದು ಮನೆಯಲ್ಲಿ ಅದೇ ಅಧ್ಯಾಯ ಬಂತು. ಆ ವಚನವನ್ನೂ ಸೇರಿಸಿ ಓದಿದೆ. ದನಿ ನಡುಗಲಿಲ್ಲ, ಕಣ್ಣೀರೂ ಬರಲಿಲ್ಲ. ಅಪ್ಪ ಒಂದು ಸಲ ಕೆಮ್ಮಿದ, ಅಷ್ಟೆ.

ಅದಾದ ವರ್ಷ ಹುಮನಾಬಾದಿನಲ್ಲಿ ಕಣ್ಣಿನ ಶಿಬಿರ ನಡೆಯಿತು. ಅಪ್ಪನ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನ ನರವೇ ಒಣಗಿದೆ, ಏನೂ ಮಾಡಲಾಗದು ಎಂದರು. ದಪ್ಪ ಕನ್ನಡಕದಲ್ಲಿ ಅವನು ಮತ್ತೆ ಓದತೊಡಗಿದ. "ಇನ್ನ ನೀ ಹೋಗು" ಎಂದು ತಾನೇ ಕೂತು ನನ್ನ ಅರ್ಜಿ ಬರೆಸಿದ. ತರಬೇತಿಗೆ ಜಾಗ ಸಿಗಲಿಲ್ಲ. ಮರುವರ್ಷವೂ ಸಿಗಲಿಲ್ಲ.

ಆ ಹೊತ್ತಿಗೆ ಬಸವಕಲ್ಯಾಣದ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವರು ಬೇಕಾಗಿದ್ದರು. ಇದ್ದ ಮಾಸ್ತರರಲ್ಲಿ ಹೆಚ್ಚಿನವರು ಉರ್ದುವಿನಲ್ಲಿ ಓದಿದವರು. ಅಲ್ಲಿನ ಹೆಡ್‌ಮಾಸ್ತರರು ಮುಡಬಿಯವರು, ಲಿಂಗಾಯತರು. ನಾನು ಅಲ್ಲಿ ಓದಿದ್ದನ್ನು ಪಕ್ಕದ ಮನೆಯ ಕಟ್ಟೆಯ ಮೇಲಿಂದ ಕೇಳಿದ್ದರಂತೆ. ನನ್ನ ಕೈಗೆ ಪಾಠದ ಪುಸ್ತಕ ಕೊಟ್ಟು, "ಓದವ್ವಾ" ಎಂದರು. ಅರ್ಧ ಪುಟಕ್ಕೇ, "ಸಾಕು. ಸೋಮವಾರದಿಂದ ಬಾ" ಎಂದರು.

ನಾನು ಮನೆಗೆ ಬಂದು ಹೇಳಿದಾಗ ಅಲ್ಲಿದ್ದ ಪಾದ್ರಿಗಳು, "ನೋಡಿದ್ರೇನು, ದೇವರ ಯೋಜನೆ!" ಎಂದರು. ಅಪ್ಪ ಹೌದು ಎನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. "ಮೊದಲ ಆಕಿ ಒಂದು ವರ್ಷ ಕಲಿಸ್ಲಿ ತಡೀರಿ" ಎಂದ.

ಒಂದಲ್ಲ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಲಿಸಿದೆ. ಮನೆಯಲ್ಲಿ ಉರ್ದು, ಮರಾಠಿ ಆಡುವ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದೆ. ಅಲ್ಲಿಯೇ ಮದುವೆಯಾದೆ, ಅಲ್ಲಿಯೇ ಮನೆ ಮಾಡಿದೆ. ಅಪ್ಪ ಕೊನೆಯ ವರ್ಷಗಳನ್ನು ನನ್ನ ಮನೆಯಲ್ಲೇ ಕಳೆದು, ಒಂದು ಭಾನುವಾರ ಊಟವಾದ ಮೇಲೆ ಮಲಗಿದವನು ಏಳಲಿಲ್ಲ.

ಎಂಬತ್ತರ ದಶಕದಲ್ಲಿ ಅವ್ವನಿಗೆ ಕಾಮಾಲೆಯಾಗಿ ಹುಮನಾಬಾದಿನ ಆಸ್ಪತ್ರೆಯಲ್ಲಿಟ್ಟಿದ್ದೆವು. ಅಲ್ಲಿನ ನರ್ಸ್ ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಅವ್ವನನ್ನು ನೋಯಿಸದೆ ಮಗ್ಗುಲಾಗಿಸಿ, ಎರಡೇ ಸೆಳೆತಕ್ಕೆ ಹಾಸಿಗೆಯ ಬಟ್ಟೆ ಬದಲಿಸಿದಳು. ಅವಳ ಕೈಗಳನ್ನೇ ನೋಡುತ್ತ ನಿಂತೆ. ಆ ಕೈಗಳು ನನ್ನವಾಗಬೇಕಿತ್ತು ಎನಿಸಿತು. ಅಷ್ಟು ವರ್ಷದ ಮೇಲೂ.

ಅದನ್ನು ಮುಚ್ಚಿಡಲಿಲ್ಲ. ಅಲ್ಲೇ ಕಿಟಕಿಯ ಬಳಿ ನಿಂತು ದೇವರಿಗೆ ಹೇಳಿದೆ: ನಿನ್ನ ಲೆಕ್ಕ ನನಗೆ ಪೂರ್ತಿ ಹಿಡಿಸಿಲ್ಲ, ಆದರೂ ನಿನ್ನ ಕೈ ಬಿಟ್ಟಿಲ್ಲ. ಅವ್ವ ನನ್ನ ತುಟಿ ಅಲುಗುವುದನ್ನು ನೋಡಿ, "ಏನು ಬೇಡಾಕತ್ತೀ?" ಎಂದಳು.

"ಬೇಡಾಕತ್ತಿಲ್ಲ, ಮಾತಾಡಾಕತ್ತೀನಿ."

"ಮಾತಾಡು ಮಾತಾಡು," ಎಂದು ಕಣ್ಣು ಮುಚ್ಚಿದಳು.

ಅವಳಿಗೆ ಗಂಜಿ ಕುಡಿಸಿ, ಮೂರು ಗಂಟೆಯ ಬಸ್ಸಿಗೆ ಬಸವಕಲ್ಯಾಣಕ್ಕೆ ಹೊರಟೆ. ಮರುದಿನ ಶಾಲೆಯಲ್ಲಿ ಮಕ್ಕಳಿಗೆ ಪರೀಕ್ಷೆಯಿತ್ತು.